ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲೇ ಇದ್ದು ಹೊಟ್ಟೆ-ಕರುಳಿನ ಪ್ಯಾಥಾಲಜಿಯಲ್ಲಿ ಸಂಶೋಧನೆ ಶುರು ಮಾಡುವುದು ಹೇಗೆ

ಪ್ಯಾಥಾಲಜಿ ಅಂದರೆ ದೇಹದಿಂದ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವ ವಿಭಾಗ. ಅದರಲ್ಲಿ ಎಂ.ಡಿ. ಸೀಟು ಸಿಕ್ಕ ನಮ್ಮ ಕಡೆಯ ಹುಡುಗ-ಹುಡುಗಿಯರು ಮೊದಲು ಕೇಳುವುದು ಇದನ್ನೇ: ಸಂಶೋಧನೆ ಮಾಡಬೇಕು ಅಂದ್ರೆ ಬೆಂಗಳೂರಿಗೋ ಮುಂಬೈಗೋ ಹೋಗಲೇಬೇಕಾ? ಮುಂದೆ ಹೋಗಬೇಕಾಗಬಹುದು. ಶುರು ಮಾಡುವುದಕ್ಕೆ ಬೇಡ. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು 1961ರಿಂದ ಇದೆ, ರಾಯಚೂರಿನ ಮೆಡಿಕಲ್ ಕಾಲೇಜು ರಿಮ್ಸ್ 2007ರಿಂದ, ಕೊಪ್ಪಳದ್ದು 2015ರಿಂದ. ಸಿರುಗುಪ್ಪ, ದೇವದುರ್ಗ, ಕುಷ್ಟಗಿ ಕಡೆಯ ರೋಗಿಗಳ ಎಂಡೋಸ್ಕೋಪಿ ತುಣುಕುಗಳು, ಆಪರೇಷನ್ ಮಾಡಿ ತೆಗೆದ ಕರುಳು, ಎಲ್ಲವೂ ಪ್ಯಾಥಾಲಜಿ ವಿಭಾಗಕ್ಕೇ ಬರುತ್ತವೆ. ರಿಪೋರ್ಟ್ ಹೋದ ಮೇಲೆ ಬ್ಲಾಕು (ಮೇಣದಲ್ಲಿ ಹುದುಗಿಸಿದ ತುಣುಕು), ಅದರಿಂದ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಇಟ್ಟ ಸ್ಲೈಡು ಕಪಾಟು ಸೇರುತ್ತವೆ. ಆ ಕಪಾಟು ಮತ್ತು ಪಕ್ಕದಲ್ಲಿರುವ ರಿಜಿಸ್ಟರ್, ಇವೆರಡೇ ನಿಮ್ಮ ಬಂಡವಾಳ.

ಇದು ಸುಮ್ನೆ ಧೈರ್ಯ ಹೇಳುವ ಮಾತಲ್ಲ. ಆಸ್ಟ್ರೇಲಿಯಾದ ಪರ್ತ್ ಊರಿನಲ್ಲಿ ರಾಬಿನ್ ವಾರೆನ್ ಅನ್ನುವ ಪ್ಯಾಥಾಲಜಿಸ್ಟ್ 1979ರಲ್ಲಿ ದಿನನಿತ್ಯದ ಜಠರದ ಬಯಾಪ್ಸಿ ನೋಡುವಾಗಲೇ ಬಾಗಿದ ಆಕಾರದ ಬ್ಯಾಕ್ಟೀರಿಯಾ ಕಂಡರು. ಹೊಟ್ಟೆಯ ಆಮ್ಲದಲ್ಲಿ ಯಾವ ಜೀವಿಯೂ ಉಳಿಯಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಅವರು ಬಿಡದೆ ಒಂದೊಂದೇ ಸ್ಲೈಡ್ ಸೇರಿಸುತ್ತಾ ಹೋದರು, ಆಮೇಲೆ ಬ್ಯಾರಿ ಮಾರ್ಷಲ್ ಜೊತೆಯಾದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಅಂತ ಹೆಸರಾದ ಆ ಬ್ಯಾಕ್ಟೀರಿಯಾ ಕ್ಯಾನ್ಸರ್‌ಕಾರಕ ಅಂತ 1994ರಲ್ಲಿ ಅಧಿಕೃತವಾಗಿ ಘೋಷಣೆಯಾಯಿತು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಶುರುವಾಗಿದ್ದು ಮಾತ್ರ ರೂಟೀನ್ ರಿಪೋರ್ಟಿಂಗ್‌ನಲ್ಲಿ.

ಹಾಗಾದರೆ ಮೊದಲ ಕೆಲಸ ಯಾವುದು? ಬಯಾಪ್ಸಿ ಜೊತೆ ಬರುವ ಫಾರ್ಮ್ ಸರಿ ಮಾಡಿಸುವುದು. ಎಷ್ಟೋ ಫಾರ್ಮ್‌ಗಳಲ್ಲಿ ಹೆಸರು, ವಯಸ್ಸು, "ಜಠರದ ಕ್ಯಾನ್ಸರ್?" ಅನ್ನುವ ಒಂದು ಸಾಲು ಬಿಟ್ಟರೆ ಏನೂ ಇರಲ್ಲ. ಅದರಿಂದ ಮುಂದೆ ಯಾವ ಸಂಶೋಧನೆಯೂ ಹುಟ್ಟಲ್ಲ. ಸರ್ಜರಿಯವರು, ಎಂಡೋಸ್ಕೋಪಿಯವರ ಜೊತೆ ಕೂತು ಅರ್ಧ ಪುಟದ ಫಾರ್ಮ್ ಮಾಡಿ. ಊರು ಮತ್ತು ತಾಲೂಕು ಇರಲಿ. ತಂಬಾಕು, ಗುಟ್ಕಾ, ಎಲೆ-ಅಡಿಕೆ, ಬೀಡಿ, ಕುಡಿತ ಎಷ್ಟು ವರ್ಷದಿಂದ ಅಂತ ಇರಲಿ, ಯಾಕಂದ್ರೆ ಅನ್ನನಾಳದ ಕ್ಯಾನ್ಸರ್‌ಗೂ ಇವಕ್ಕೂ ನೇರ ನಂಟಿದೆ. ಗ್ಯಾಸಿನ ಗುಳಿಗೆ ತಗೋತಿದ್ದಾರಾ ಅನ್ನುವುದನ್ನು ಮಾತ್ರ ಮರೆಯಲೇಬೇಡಿ. ನಮ್ಮ ಕಡೆ ಎದೆ ಉರಿದರೆ ಮೆಡಿಕಲ್ ಶಾಪಿಗೆ ಹೋಗಿ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವವರು ಜಾಸ್ತಿ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ತಿಂದವರ ಜಠರದಲ್ಲಿ ಪೈಲೋರಿ ಸಂಖ್ಯೆ ಕುಸಿಯುತ್ತದೆ, ಬಯಾಪ್ಸಿಯಲ್ಲಿ ಸಿಗದೇ ಹೋಗಬಹುದು. ಇದನ್ನು ಕೇಳದೆ "ರಾಯಚೂರಿನಲ್ಲಿ ಪೈಲೋರಿ ಕಡಿಮೆ" ಅಂತ ಪೇಪರ್ ಬರೆದರೆ ಅದು ತಪ್ಪು ಪೇಪರ್.

ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ ಅಂತಲೂ ಕೇಳಿಸಿ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಎಂಬ ಪ್ಯಾಥಾಲಜಿಸ್ಟ್ ಹತ್ತಿರ ಒಬ್ಬ ದರ್ಜಿ ಹೆಣ್ಣುಮಗಳು, ನಮ್ಮ ಮನೆಯವರೆಲ್ಲ ಕ್ಯಾನ್ಸರ್‌ನಿಂದಲೇ ಹೋದರು, ನಾನೂ ಹಾಗೇ ಹೋಗುತ್ತೇನೆ ಅಂದಳು. ಅವರು ಆ ಮಾತನ್ನು ತಳ್ಳಿಹಾಕದೆ ಇಡೀ ವಂಶದ ವಿವರ ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. ಇವತ್ತು ಲಿಂಚ್ ಸಿಂಡ್ರೋಮ್ ಅನ್ನುವ, ವಂಶದಲ್ಲಿ ಕ್ಯಾನ್ಸರ್ ಹರಿದು ಬರುವ ಕಾಯಿಲೆಯ ಕಥೆ ಅಲ್ಲಿಂದ ಶುರು. ಸೋದರಮಾವ, ಅಕ್ಕನ ಮಗಳ ಜೊತೆಗಿನ ಮದುವೆ ಇರುವ ನಮ್ಮ ಊರುಗಳಲ್ಲಿ ಈ ವಂಶದ ಚಿತ್ರ ಬರೆಯುವಾಗ ಇನ್ನೂ ಹೆಚ್ಚು ತಾಳ್ಮೆ ಬೇಕು.

ಎರಡನೆಯದು ಅಂಗಾಂಶ. ಗಂಗಾವತಿಯ ನರ್ಸಿಂಗ್ ಹೋಂನಿಂದ ಇಡೀ ಕರುಳನ್ನು ಚಿಕ್ಕ ಡಬ್ಬಿಯಲ್ಲಿ ತುರುಕಿ, ಮೇಲೆ ಒಂಚೂರು ಫಾರ್ಮಾಲಿನ್ (ಅಂಗಾಂಶ ಕೊಳೆಯದಂತೆ ಕಾಯುವ ದ್ರಾವಣ) ಸುರಿದು ಕಳಿಸಿದರೆ ಒಳಗಿನ ಪದರ ಕೊಳೆತೇ ಬರುತ್ತದೆ, ಬೇಸಿಗೆಯಲ್ಲಂತೂ ಕೇಳಲೇಬೇಡಿ. ಅಂಗಾಂಶದ ಕನಿಷ್ಠ ಹತ್ತು ಪಟ್ಟು ಫಾರ್ಮಾಲಿನ್ ಇರಬೇಕು, ಅದೂ 10 ಪರ್ಸೆಂಟ್ ನ್ಯೂಟ್ರಲ್ ಬಫರ್ಡ್. ಕರುಳನ್ನು ಸೀಳಿ ತೆರೆದು ಹಾಕಬೇಕು. ಇದನ್ನು ಫೋನಿನಲ್ಲಿ ಹೇಳಿದರೆ ಸಾಲದು, ಒಮ್ಮೆ ಹೋಗಿ ಓಟಿ ಸಿಸ್ಟರ್‌ಗಳಿಗೆ ತೋರಿಸಿ ಬನ್ನಿ. ಅಂಗಾಂಶವನ್ನು ಪರಿಶೀಲಿಸಿ ತುಣುಕು ಕತ್ತರಿಸುವ ಗ್ರಾಸಿಂಗ್ ಟೇಬಲ್ ಮೇಲೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದರೆ ಕನಿಷ್ಠ 12 ದುಗ್ಧಗ್ರಂಥಿ ಹುಡುಕಿ. ಸಿಗದಿದ್ದರೆ ಕೊಬ್ಬಿನಲ್ಲಿ ಮತ್ತೆ ಬೆರಳಾಡಿಸಿ. ಬೇಜಾರಿನ ಕೆಲಸ ಅನ್ನಿಸಬಹುದು, ಆದರೆ ರೋಗಿಗೆ ಕೀಮೋ ಬೇಕಾ ಬೇಡವಾ ಅನ್ನುವ ತೀರ್ಮಾನ ಬಹಳ ಸಲ ಇದರ ಮೇಲೆಯೇ ನಿಂತಿರುತ್ತದೆ. ಇನ್ನು, ಬ್ಲಾಕ್‌ಗಳನ್ನು ತಗಡಿನ ಶೀಟಿನ ಕೋಣೆಯಲ್ಲಿ ಇಡಬೇಡಿ. ಏಪ್ರಿಲ್-ಮೇ ಬಿಸಿಲಿಗೆ ಮೇಣ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಈಗ ಪ್ರಶ್ನೆ. ಚಿಕ್ಕದಾಗಿರಲಿ. ಬಜ್ಜಿ, ಖಾರ ತಿಂದರೆ ಹೊಟ್ಟೆ ಕ್ಯಾನ್ಸರ್ ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ, ಆದರೆ ಅದನ್ನು ಮೂರು ವರ್ಷದ ಎಂ.ಡಿ.ಯಲ್ಲಿ ಒಂದು ಕಪಾಟಿನ ಸ್ಲೈಡ್‌ಗಳಿಂದ ಉತ್ತರಿಸಲು ಆಗಲ್ಲ. ಅದರ ಬದಲು ಇವನ್ನು ನೋಡಿ. ಸಿಡ್ನಿ ಪದ್ಧತಿಯಂತೆ ಜಠರದ ಐದು ನಿಗದಿತ ಜಾಗಗಳಿಂದ ತುಣುಕು ತೆಗೆಸಿದರೆ, ಒಂದೇ ತುಣುಕಿಗಿಂತ ಎಷ್ಟು ಹೆಚ್ಚು ಪೈಲೋರಿ, ಎಷ್ಟು ಹೆಚ್ಚು ಇಂಟೆಸ್ಟೈನಲ್ ಮೆಟಾಪ್ಲೇಸಿಯಾ (ಜಠರದ ಪದರ ಕರುಳಿನ ಪದರದಂತೆ ಬದಲಾಗುವುದು) ಸಿಗುತ್ತದೆ? ಪೆಲಾಯೊ ಕೊರಿಯಾ ವಿವರಿಸಿದ ಸರಪಳಿಯಲ್ಲಿ, ಅಂದರೆ ದೀರ್ಘ ಉರಿಯೂತ, ಪದರ ಸವೆತ, ಮೆಟಾಪ್ಲೇಸಿಯಾ, ಡಿಸ್‌ಪ್ಲೇಸಿಯಾ (ಕ್ಯಾನ್ಸರ್‌ಗೆ ಮುಂಚಿನ ಜೀವಕೋಶಗಳ ಅಸಹಜತೆ), ಕೊನೆಗೆ ಕ್ಯಾನ್ಸರ್, ನಮ್ಮ ರೋಗಿಗಳು ಯಾವ ಹಂತದಲ್ಲಿ ಬರುತ್ತಿದ್ದಾರೆ? ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕರುಳಿನ ಟಿಬಿ ಮತ್ತು ಕ್ರೋನ್ಸ್ ಕಾಯಿಲೆಯ (ಕರುಳಿನ ದೀರ್ಘಕಾಲದ ಉರಿಯೂತ) ವ್ಯತ್ಯಾಸ. ಎರಡೂ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗವನ್ನೇ ಹಿಡಿಯುತ್ತವೆ. ಗ್ರಾನ್ಯುಲೋಮಾ (ಉರಿಯೂತದ ಜೀವಕೋಶಗಳ ಗಂಟು) ದೊಡ್ಡದಾಗಿ, ಒಂದಕ್ಕೊಂದು ಕೂಡಿಕೊಂಡು, ನಡುವೆ ಕೇಸಿಯೇಷನ್ (ಚೀಸ್‌ನಂತೆ ಕಾಣುವ ಸತ್ತ ಅಂಗಾಂಶ) ಇದ್ದರೆ ಟಿಬಿ ಕಡೆ ವಾಲುತ್ತೇವೆ. ಚಿಕ್ಕದಾಗಿ, ಅಲ್ಲೊಂದು ಇಲ್ಲೊಂದು ಇದ್ದರೆ ಕ್ರೋನ್ಸ್ ಕಡೆ. ಟಿಬಿ ಇರುವವರಿಗೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ಟರೆ ಅನಾಹುತ. ಟಿಬಿ ಮಾತ್ರೆ ತಗೊಂಡ ಮೇಲೆ ಹುಣ್ಣು ವಾಸಿಯಾಯಿತಾ ಅಂತ ಮತ್ತೆ ನೋಡಿ, ಮೊದಲ ಬಯಾಪ್ಸಿಯ ಜೊತೆ ಹೋಲಿಸಿದರೆ ಅದೇ ಒಂದು ಒಳ್ಳೆಯ ಥೀಸಿಸ್.

ಕಡಿಮೆ ವಯಸ್ಸಿನಲ್ಲಿ ಬರುವ ದೊಡ್ಡ ಕರುಳಿನ ಕ್ಯಾನ್ಸರ್ ಮೇಲೆ ಕೆಲಸ ಮಾಡುವುದಾದರೆ ಮಿಸ್‌ಮ್ಯಾಚ್ ರಿಪೇರಿ ಪ್ರೋಟೀನ್‌ಗಳ, ಅಂದರೆ ಡಿಎನ್‌ಎ ತಪ್ಪು ಸರಿಪಡಿಸುವ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕರ ಪರೀಕ್ಷೆ ಬೇಕು. ಲಿಂಚ್ ಸಿಂಡ್ರೋಮ್‌ನ ಸುಳಿವು ಸಿಗುವುದು ಇದರಿಂದಲೇ. ಇವನ್ನು ಸ್ಲೈಡ್ ಮೇಲೆ ಗುರುತಿಸುವ ನಾಲ್ಕು ಆಂಟಿಬಾಡಿಗೆ ದುಡ್ಡಿಲ್ಲದಿದ್ದರೆ ಪಿಎಂಎಸ್2 ಮತ್ತು ಎಂಎಸ್‌ಎಚ್6 ಎರಡರಿಂದ ಶುರು ಮಾಡಿ. ಎಂಎಲ್‌ಎಚ್1 ಹೋದರೆ ಪಿಎಂಎಸ್2 ಕೂಡ ಹೋಗುತ್ತದೆ, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಕೂಡ. ಹಾಗಾಗಿ ಈ ಎರಡೇ ಬಹುಪಾಲು ಕೇಸ್ ಹಿಡಿಯುತ್ತವೆ.

ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಹಳೆಯ ಬ್ಲಾಕ್ ಕೂಡ ಮುಟ್ಟಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಒಮ್ಮೆ ಪೂರ್ತಿ ಓದಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ರಾಯಚೂರು ಕಡೆ ತೆಲುಗು, ಉರ್ದು ಕೂಡ ಬೇಕಾಗುತ್ತದೆ. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ.

ಸ್ಲೈಡ್ ಓದುವಾಗ ಇಬ್ಬರು ಬೇರೆ ಬೇರೆಯಾಗಿ, ಹೆಸರು ಮುಚ್ಚಿ ಓದಬೇಕು, ಇಬ್ಬರ ಓದು ಎಷ್ಟು ಹೊಂದುತ್ತದೆ ಅನ್ನುವುದನ್ನು ಕಪ್ಪಾ ಎಂಬ ಅಂಕಿಅಂಶದ ಲೆಕ್ಕದಲ್ಲಿ ಕೊಡಬೇಕು. ಡಿಸ್‌ಪ್ಲೇಸಿಯಾ ವಿಷಯದಲ್ಲಿ ಜಪಾನಿನವರು ಕ್ಯಾನ್ಸರ್ ಅಂದದ್ದನ್ನು ಪಶ್ಚಿಮದವರು ಅಲ್ಲ ಅನ್ನುತ್ತಿದ್ದರು, ಆ ಜಗಳ ಬಗೆಹರಿಸಲೆಂದೇ 2000ದಲ್ಲಿ ವಿಯೆನ್ನಾ ವರ್ಗೀಕರಣ ಬಂತು. ಅಂಥ ಪರಿಣತರೇ ಒಪ್ಪದಿದ್ದಾಗ ಒಬ್ಬರೇ ನೋಡಿ ಬರೆದಿದ್ದನ್ನು ಯಾರೂ ನಂಬಲ್ಲ, ಅಲ್ವಾ.

ಎಲ್ಲಕ್ಕಿಂತ ಕಷ್ಟ ಫಾಲೋಅಪ್. ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ಮೇಲೆ ರೋಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ, ಇಲ್ಲವೇ ಸುಗ್ಗಿ ಮುಗಿಯಲಿ ಅಂತ ಮನೆಯಲ್ಲೇ ಉಳಿಯುತ್ತಾರೆ, ಕೆಲಸಕ್ಕೆ ಗುಳೆ ಹೋದವರ ನಂಬರ್ ಹತ್ತುವುದೇ ಇಲ್ಲ. ಆದ್ದರಿಂದ ಮೊದಲ ದಿನವೇ ರೋಗಿಯದ್ದಲ್ಲದೆ ಊರಲ್ಲೇ ಇರುವ ಸಂಬಂಧಿಕರ ನಂಬರ್ ಒಂದನ್ನೂ, ಆಶಾ ಕಾರ್ಯಕರ್ತೆಯ ನಂಬರನ್ನೂ ಒಪ್ಪಿಗೆ ಕೇಳಿ ಬರೆದುಕೊಳ್ಳಿ. ಆರು ತಿಂಗಳಿಗೊಮ್ಮೆ ಫೋನ್ ಮಾಡಿ. ಮಾತಾಡುವಾಗ ಲೆಕ್ಕ ಕೇಳುವವರ ಹಾಗೆ ಮಾತಾಡಬೇಡಿ, ಮೊದಲು ಊಟ ಸೇರ್ತದಾ ಅಂತ ಕೇಳಿ. ಎಷ್ಟೋ ಸಲ ಚಿಕಿತ್ಸೆ ಬಿಟ್ಟವರು ಆ ಫೋನಿನಿಂದಲೇ ಮತ್ತೆ ಆಸ್ಪತ್ರೆಗೆ ಬರುತ್ತಾರೆ.

ದುಡ್ಡಿಲ್ಲದೆ ಕಲಿಯಲು ದಾರಿಗಳಿವೆ. ಕ್ಯುಪಾತ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಲೈಡ್ ಚಿತ್ರದ ಮೇಲೆ ಜೀವಕೋಶ ಎಣಿಸಬಹುದು. ಕ್ಯಾನ್ಸರ್‌ಗಳ ಜೀನ್ ಮಾಹಿತಿ ಕಲೆಹಾಕಿದ ಅಮೆರಿಕದ ಟಿಸಿಜಿಎ ಯೋಜನೆಯ ಜಠರ ಮತ್ತು ಕರುಳಿನ ಕ್ಯಾನ್ಸರ್ ಮಾಹಿತಿ ಯಾರು ಬೇಕಾದರೂ ಇಳಿಸಿಕೊಳ್ಳುವಂತಿದೆ. ಎಂಬಿಬಿಎಸ್ ಓದುತ್ತಿರುವವರು ವಿದ್ಯಾರ್ಥಿಗಳಿಗೆಂದೇ ಇರುವ ಐಸಿಎಂಆರ್‌ನ ಎಸ್‌ಟಿಎಸ್‌ಗೆ ಅರ್ಜಿ ಹಾಕಿ, ಎರಡು ತಿಂಗಳ ಪುಟ್ಟ ಯೋಜನೆ ಅದು. ದುಡ್ಡು ಕೊಟ್ಟರೆ ವಾರದಲ್ಲಿ ಛಾಪಿಸುತ್ತೇವೆ ಅನ್ನುವ ಜರ್ನಲ್‌ಗಳ ಮೇಲ್ ಬರುತ್ತವೆ, ಅಳಿಸಿಬಿಡಿ.

ಎಂ.ಡಿ. ಮುಗಿದ ಮೇಲೆ ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ, ವೆಲ್ಲೂರಿನ ಸಿಎಂಸಿಯಂಥ ಕಡೆ ಒಂದೆರಡು ವರ್ಷ ಕೆಲಸ ಮಾಡಿ ಬನ್ನಿ. ಹೋಗುವಾಗ ಇಲ್ಲಿನ ರಿಜಿಸ್ಟರ್ ಯಾರು ನೋಡಿಕೊಳ್ಳುತ್ತಾರೆ ಅಂತ ಜೂನಿಯರ್ ಒಬ್ಬರಿಗೆ ಒಪ್ಪಿಸಿ. ಪೇಪರ್ ಬಂದರೆ ಬ್ಲಾಕ್ ಕತ್ತರಿಸಿದ ಟೆಕ್ನಿಶಿಯನ್‌ಗೆ, ಫಾರ್ಮ್ ತುಂಬಿದ ಸರ್ಜರಿಯವರಿಗೆ, ಗಂಗಾವತಿಯ ಆ ಓಟಿ ಸಿಸ್ಟರ್‌ಗೆ ಒಂದೊಂದು ಪ್ರತಿ ಕೊಟ್ಟು, ನಿಮ್ಮ ತುಣುಕಿನಿಂದ ಏನು ಗೊತ್ತಾಯಿತು ಅಂತ ಕನ್ನಡದಲ್ಲಿ ಕೂತು ಹೇಳಿ. ಮುಂದಿನ ವರ್ಷದ ಫಾರ್ಮ್‌ಗಳು ತುಂಬಿ ಬರುವುದು ಆಗಲೇ.