ಗಾಜಿಗಿಂತ ಮೊದಲು ನೋಟ್‌ಬುಕ್: ಕಾರಿನ ಹಿಂದಿನ ಗಾಜು ಮತ್ತು ನನ್ನ ಅನುಭವ

ಕಲಬುರಗಿಯ ಸೇಡಂ ರಸ್ತೆ ಕಡೆ ನನ್ನ ಅಂಗಡಿ. ಹನ್ನೆರಡು-ಹದಿಮೂರು ವರ್ಷದಿಂದ ಕಾರಿನ ಗಾಜು ಹಾಕುವುದೇ ಕೆಲಸ. ಮುಂದಿನ ಗಾಜು ಹಾಕೋದು ಕಷ್ಟ, ಹಿಂದಿನದು ಸಲೀಸು ಅಂತ ನಮ್ಮವರಲ್ಲಿ ಒಂದು ಮಾತಿದೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಲೆಕ್ಕ ತೆಗೆದು ನೋಡಿದರೆ ನನ್ನ ಜೇಬಿನಿಂದ ಜಾಸ್ತಿ ದುಡ್ಡು ಹೋಗಿದ್ದು ಹಿಂದಿನ ಗಾಜಿನಲ್ಲೇ.

ಈಗ ಯಾರಾದರೂ ಫೋನ್ ಮಾಡಿ “ಹಿಂದಿನ ಗಾಜ ಒಡದದ, ಎಷ್ಟಾಗ್ತದ?” ಅಂದರೆ ನಾನು ರೇಟು ಹೇಳುವುದಿಲ್ಲ. ನೋಟ್‌ಬುಕ್ ತೆಗೆದು ಪ್ರಶ್ನೆ ಕೇಳುತ್ತೇನೆ. ಹತ್ತು ನಿಮಿಷವಾದರೂ ಬೇಕು. ಶುರುವಿನಲ್ಲಿ ಪಕ್ಕದ ಡೆಂಟಿಂಗ್ ಅಂಗಡಿಯವನು ನಗುತ್ತಿದ್ದ. “ಗಾಜ ಹಾಕ್ಲಿಕ್ಕ ಇಷ್ಟ್ಯಾಕ ಕೇಳ್ತೀ? ಹೆಣ್ಣ ನೋಡ್ಲಿಕ್ಕ ಬಂದಾರೇನು?” ಅನ್ನುತ್ತಿದ್ದ. ಗಿರಾಕಿ ಓಡಿ ಹೋಗುತ್ತಾರೆ ಅಂತ ನನ್ನ ಹುಡುಗರಿಗೂ ಅನಿಸಿತ್ತು. ಕೆಲವರು ಓಡಿ ಹೋದದ್ದೂ ನಿಜ. ಆದರೆ ಹೋದ ವರ್ಷ ಐವತ್ತೈದು-ಅರವತ್ತು ಹಿಂದಿನ ಗಾಜು ಹಾಕಿದ್ದೇನೆ. ವಾಪಸ್ ಬಂದದ್ದು ಒಂದೇ ಗಾಡಿ, ಅದೂ ಕ್ಲಿಪ್ ಸದ್ದು ಅಂತ. ಮೊದಲು ಹತ್ತರಲ್ಲಿ ಮೂರು ವಾಪಸ್ ಬರುತ್ತಿದ್ದವು.

ಈ ಅಭ್ಯಾಸ ನನ್ನ ತಲೆಯಿಂದ ಹುಟ್ಟಿದ್ದಲ್ಲ. ಒಬ್ಬರು ರಿಟೈರ್ಡ್ ಟೀಚರ್ ಬಂದಿದ್ದರು. ಮನೆ ಹಿಂದಿನ ಮೈದಾನದಿಂದ ಬಾಲು ಬಂದು ಗಾಜು ಪುಡಿಯಾಗಿತ್ತು. ನಾನು ಗನ್ನಿಗೆ ಪಿಯು, ಅಂದರೆ ಗಾಜು ಅಂಟಿಸುವ ಪಾಲಿಯುರೆಥೇನ್ ಗಮ್ಮು, ಹಾಕುತ್ತಿದ್ದೆ. ಅವರು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. “ಈ ಗಮ್ಮಿಗೆ ತಾರೀಖ ಇರ್ತದೇನ್ರೀ? ಗುಳಿಗಿಗೆ ಇರ್ತದಲ್ಲ?” ಅಂದರು. ಪ್ಯಾಕೆಟ್ ತಿರುಗಿಸಿ ನೋಡಿದೆ. ಅವಧಿ ಮುಗಿದು ಎರಡು ತಿಂಗಳಾಗಿತ್ತು. “ಅಂದ್ರ ನೀವು ನೋಡೂದಿಲ್ಲ” ಅಂದರು, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆ ರಾತ್ರಿ ಸ್ಟಾಕ್ ಎಣಿಸಿದೆ. ಎಂಟರಲ್ಲಿ ಮೂರು ಹಳೆಯವು. ಗಮ್ಮಿಗಿಂತ ಮೊದಲು ಹಚ್ಚುವ ಪ್ರೈಮರ್ ಬಾಟಲಿ ಒಂದು ಗಟ್ಟಿಯಾಗಿ ಕೂತಿತ್ತು. ಹತ್ತಿರ ಹತ್ತಿರ ಎರಡು ಸಾವಿರ ಕಸಕ್ಕೆ ಹೋಯಿತು. ಮರುದಿನ ನೋಟ್‌ಬುಕ್ ತಂದೆ.

ಮೊದಲ ಪುಟದಲ್ಲಿ ಇರುವುದು ಚಾಸಿ ನಂಬರ್. ಮಾಡೆಲ್ ಹೆಸರು, ವರ್ಷ ಸಾಲುವುದಿಲ್ಲ. ಒಂದೇ ವರ್ಷದಲ್ಲಿ ಹಳೇ ಶೇಪು, ಹೊಸ ಶೇಪು ಎರಡೂ ಬಂದ ಗಾಡಿಗಳಿವೆ. ಒಮ್ಮೆ ಮಾಡೆಲ್ ಹೆಸರು ಕೇಳಿಕೊಂಡು ಹೈದರಾಬಾದಿನಿಂದ ಗಾಜು ತರಿಸಿದೆ. ಬಿಚ್ಚಿದರೆ ನಡುವೆ ವೈಪರ್ ತೂತು. ಗಿರಾಕಿಯ ಗಾಡಿಗೆ ಹಿಂದಿನ ವೈಪರೇ ಇರಲಿಲ್ಲ. ರಬ್ಬರ್ ಬಿರಡೆ ಹಾಕಿ ಕೊಡ್ತೀನಿ ಅಂದೆ. “ನನ್ನ ಗಾಡಿಗಿ ಮೂಗುತಿ ಬ್ಯಾಡ್ರೀ” ಅಂದು ಹೋದ. ಗಾಜು ನಾಲ್ಕು ಸಾವಿರದ ಇನ್ನೂರು, ಬಸ್ ಪಾರ್ಸೆಲ್ ಮುನ್ನೂರು. ಒಂದೂವರೆ ವರ್ಷ ಅಟ್ಟದ ಮೇಲೆ ಮಲಗಿತ್ತು. ಕೊನೆಗೆ ಹುಮನಾಬಾದಿನ ಒಬ್ಬರಿಗೆ ಎರಡೂವರೆ ಸಾವಿರಕ್ಕೆ ಕೊಟ್ಟೆ.

ಈಗ ವೈಪರ್ ಇದೆಯಾ, ಮಂಜು ಆರಿಸಲು ಗಾಜು ಬಿಸಿ ಮಾಡುವ ಡಿಫಾಗರ್ ಗೆರೆ ಇದೆಯಾ, ರೇಡಿಯೋ ಆಂಟೆನಾ ಗಾಜಿನಲ್ಲೇ ಇದೆಯಾ, ಬಣ್ಣ ತಿಳಿ ಹಸಿರಾ ಕಪ್ಪಾ, ಬ್ರೇಕ್ ಲೈಟ್ ಗಾಜಿನ ಒಳಗೆ ಕೂರುತ್ತದಾ, ಎಲ್ಲಾ ಫೋಟೋ ಸಮೇತ ಬೇಕು. ಒಡೆದ ಗಾಜನ್ನು ಗುಡಿಸಿ ಚೆಲ್ಲಬೇಡಿ ಅಂತ ಮೊದಲೇ ಹೇಳುತ್ತೇನೆ. ಮೂಲೆಯಲ್ಲಿ ಕಂಪನಿ ಗುರುತು, ಐಎಸ್ 2553 ಅಂತ (ಸುರಕ್ಷಾ ಗಾಜಿನ ಭಾರತೀಯ ಮಾನದಂಡ) ಇರುವ ತುಂಡು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಫಿಲ್ಮ್ ಹಾಕಿದ ಗಾಡಿಯಾದರೆ ಅದೃಷ್ಟ. ಗಾಜು ಉದುರದೆ ಚಾಪೆ ಥರ ನಿಂತಿರುತ್ತದೆ. ಏನೂ ಸಿಗದಿದ್ದರೆ ಬಾಗಿಲ ಗಾಜಿನ ಗುರುತು ನೋಡಿ, ಅದೇ ಕಂಪನಿಯದು ಸಿಗುತ್ತದಾ ಅಂತ ಹುಡುಕುತ್ತೇನೆ. ಸೆಕ್ಯುರಿಟ್ ಆಗಲಿ ಆಸಾಹಿ ಆಗಲಿ ನನಗೆ ಒಂದೇ. ಗುರುತೇ ಇಲ್ಲದ ಗಾಜು ಮಾತ್ರ ಮುಟ್ಟುವುದಿಲ್ಲ.

ಎರಡನೇ ಪ್ರಶ್ನೆ, ಹೇಗೆ ಒಡೆಯಿತು? ಇದಕ್ಕೆ ಜನ ನಿಜ ಹೇಳುವುದಿಲ್ಲ. “ನಿಂತಲ್ಲೇ ತಾನೇ ಒಡೀತ್ರಿ, ಬಿಸಲಿಗಿ” ಅನ್ನುತ್ತಾರೆ. ಮೇ ತಿಂಗಳಲ್ಲಿ ನಮ್ಮ ಬಿಸಿಲಿನ ಮೇಲೆ ಯಾವ ತಪ್ಪು ಬೇಕಾದರೂ ಹಾಕಬಹುದು, ಅಲ್ವಾ? ಒಬ್ಬ ಗಿರಾಕಿ ಹಾಗೇ ಹೇಳಿದ. ನಂಬಿದೆ, ಹೊಸ ಗಾಜು ಹಾಕಿದೆ. ನಾಲ್ಕನೇ ದಿನ ಆಳಂದ ರಸ್ತೆಯಲ್ಲಿ ಡಿಕ್ಕಿ ಬಾಗಿಲು ಮುಚ್ಚಿದ ಕೂಡಲೇ ಮತ್ತೆ ಪುಡಿ ಪುಡಿ. ಅವನು ನನ್ನ ಮೇಲೆ ಕೂಗಾಡಿದ. ಮೂರು ಸಾವಿರದ ಎಂಟುನೂರರ ಗಾಜು ನನ್ನ ಕೈಯಿಂದ ಹೋಯಿತು.

ಎರಡನೇ ಸಲ ಸಮಾಧಾನವಾಗಿ ನೋಡಿದೆ. ಡಿಕ್ಕಿ ಬಾಗಿಲಿನ ಫ್ರೇಮಿಗೆ ಮೂಲೆಯಿಂದ ಮೂಲೆಗೆ ದಾರ ಹಿಡಿದೆ. ಎರಡು ಅಳತೆಗೂ ಆರೇಳು ಮಿಲಿಮೀಟರ್ ವ್ಯತ್ಯಾಸ, ಅಂದರೆ ಫ್ರೇಮು ಸೊಟ್ಟ. ಕೆಳಗಿನ ಎಡ ಮೂಲೆಯ ತಗಡು ಒಳಗೆ ಬಗ್ಗಿ ಗಾಜಿನ ಅಂಚಿಗೆ ತಾಗುತ್ತಿತ್ತು. ಹಿಂದಿನದು ಟೆಂಪರ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ನಡುವೆ ಗುದ್ದಿದರೂ ತಡೆಯುತ್ತದೆ, ಅಂಚಿಗೆ ಲೋಹ ತಾಗಿದರೆ ಮುಗಿಯಿತು. ಕೆದಕಿ ಕೇಳಿದಾಗ ಬಾಯಿ ಬಿಟ್ಟ. ಮನೆ ಕಟ್ಟುವಾಗ ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಕಲ್ಲು ಡಿಕ್ಕಿಯಲ್ಲಿ ಹೇರಿ, ಬಾಗಿಲು ಮುಚ್ಚದಿದ್ದಾಗ ಇಬ್ಬರು ಕೂಡಿ ಒತ್ತಿದ್ದರಂತೆ. ಗಾಜಿನ ಕೆಲಸವೇ ಅಲ್ಲ ಅದು, ಡೆಂಟಿಂಗ್ ಕೆಲಸ. ಆಗ ಪಕ್ಕದ ಅಂಗಡಿಯವನು ನಗಲಿಲ್ಲ, ಅವನಿಗೆ ಹನ್ನೆರಡು ನೂರು ಸಿಕ್ಕಿತು. ಈಗ ಗಾಜು ಆರ್ಡರ್ ಮಾಡುವ ಮೊದಲು ದಾರ ಹಿಡಿಯುತ್ತೇನೆ. ಜೇಬಿನಲ್ಲೇ ದಾರ ಇರುತ್ತದೆ.

ಮೊದಲು ಯಾರು ಹಾಕಿದ್ದರು ಅನ್ನುವುದೂ ಕೇಳುತ್ತೇನೆ. ಸಿಲಿಕಾನ್ ಹಾಕಿದ್ದರೆ ರೇಟು ಬೇರೆ. ಸಿಲಿಕಾನ್ ಸ್ವಲ್ಪ ಉಳಿದರೂ ಪಿಯು ಅದರ ಮೇಲೆ ಹಿಡಿಯುವುದಿಲ್ಲ. ಹುಳಿ ವಾಸನೆ ಬರುವ ಅಗ್ಗದ ಸಿಲಿಕಾನ್ ಆದರೆ ತಗಡೂ ತುಕ್ಕು ಹಿಡಿಯುತ್ತದೆ. ಕೆರೆಯಲಿಕ್ಕೇ ಅರ್ಧ ದಿನ. ಸಿಲಿಕಾನ್ ನಾನೂ ಹಾಕಿದ್ದೇನೆ, ಸುಳ್ಳು ಯಾಕೆ. ಶುರುವಿನ ವರ್ಷಗಳಲ್ಲಿ ನೂರೈವತ್ತು ರೂಪಾಯಿ ಉಳಿಯುತ್ತದೆ ಅಂತ. ಗಂಜ್ ಮಾರುಕಟ್ಟೆಯ ಒಬ್ಬರ ಗಾಡಿಗೆ ಹಾಗೆ ಹಾಕಿ ಕೊಟ್ಟೆ. ಶ್ರಾವಣದ ಮಳೆಯಲ್ಲಿ ನೀರು ಡಿಕ್ಕಿಗೆ ಇಳಿದಿದೆ. ಅವರು ಬಿತ್ತನೆಗೆ ಇಟ್ಟ ತೊಗರಿ ಚೀಲ ಅಲ್ಲೇ ಮರೆತಿದ್ದರು. ಎಂಟು ದಿನ ಬಿಟ್ಟು ತೆಗೆದರೆ ಚೀಲದ ನೇಯ್ಗೆಯಿಂದ ಬಿಳಿ ಮೊಳಕೆ ಹೊರಗೆ ಬಂದಿತ್ತು. ಚೀಲ ತಂದು ನನ್ನ ಅಂಗಡಿ ಮುಂದೆ ಇಟ್ಟು ಹೋದರು. ಒಂದು ಮಾತಾಡಲಿಲ್ಲ.

ಈಗ ಸೋರಿಕೆ ನೋಡಲು ಪ್ರೆಶರ್ ನೀರು ಹೊಡೆಯುವುದಿಲ್ಲ. ಪಿಯು ಹಿಡಿದ ಮೇಲೆ ಗಾಜೆಲ್ಲಾ ಏರಿಸಿ, ಏಸಿ ಫ್ಯಾನ್ ಹೊರಗಿನ ಗಾಳಿಗೆ ಇಟ್ಟು ಫುಲ್ ಮಾಡಿ, ಹೊರಗಿನಿಂದ ಅಂಚಿಗೆ ಸೋಪಿನ ನೀರು ಹಚ್ಚುತ್ತೇನೆ. ಸಂದಿ ಇದ್ದರೆ ಗುಳ್ಳೆ ಬರುತ್ತದೆ. ಟ್ಯೂಬ್ ಪಂಚರ್ ನೋಡಿದ ಹಾಗೆ.

ಡಿಫಾಗರ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. “ಕಲಬುರಗ್ಯಾಗ ಡಿಫಾಗರ್ ಯಾಕ್ರೀ, ಗಾಜ ಸುಡ್ತದ” ಅಂತ ಎಲ್ಲರೂ ಅನ್ನುತ್ತಾರೆ. ನಾನೂ ವೈರ್ ಸಿಕ್ಕಿಸಿ ಕೊಟ್ಟುಬಿಡುತ್ತಿದ್ದೆ, ಪರೀಕ್ಷೆ ಮಾಡುತ್ತಿರಲಿಲ್ಲ. ಡಿಸೆಂಬರಿನಲ್ಲಿ ಒಬ್ಬರು ಬೀದರಿಗೆ ಬೆಳಗಿನ ಜಾವ ಹೋಗಿ, ಹಿಂದೆ ಏನೂ ಕಾಣಲಿಲ್ಲ ಅಂತ ಬಂದರು. ನೋಡಿದರೆ ಗಾಜು ಬರುವಾಗಲೇ ವೈರ್ ಸಿಕ್ಕಿಸುವ ಒಂದು ಬದಿಯ ಟ್ಯಾಬ್ ಸಡಿಲವಾಗಿತ್ತು. ಆರು ತಿಂಗಳಾದ ಮೇಲೆ ಸಪ್ಲೈಯರ್ ಯಾಕೆ ಒಪ್ಪುತ್ತಾನೆ?

ಈಗ ಗಾಜು ಹಾಕುವ ಮೊದಲು ಕಂಬಳಿ ಮೇಲೆ ನಿಲ್ಲಿಸಿ, ದಪ್ಪ ವೈರಿನಿಂದ 12 ವೋಲ್ಟ್ ಬ್ಯಾಟರಿ ಕೊಡುತ್ತೇನೆ, ನಡುವೆ ಫ್ಯೂಸ್ ಇರುತ್ತದೆ. ಸ್ಪ್ರೇ ಬಾಟಲಿಯಿಂದ ಮಂಜಿನ ಹಾಗೆ ನೀರು. ಒಂದೆರಡು ನಿಮಿಷದಲ್ಲಿ ಗೆರೆಗಳ ಮೇಲೆ ನೀರು ಆರಿ ಪಟ್ಟೆ ಪಟ್ಟೆ ಕಾಣುತ್ತದೆ. ಯಾವ ಗೆರೆ ಆರಲಿಲ್ಲವೋ ಅದು ಕಟ್ಟಾಗಿದೆ. ಮೀಟರ್ ಇದ್ದರೆ ಗೆರೆಯ ನಡುವೆ ಸುಮಾರು 6 ವೋಲ್ಟ್ ಬರಬೇಕು. 12 ಅಥವಾ ಸೊನ್ನೆ ಬಂದರೆ ಎಲ್ಲೋ ತುಂಡಾಗಿದೆ. ಈ ಪರೀಕ್ಷೆ ಗಿರಾಕಿ ಮುಂದೆ ಮಾಡಿದರೆ ಇನ್ನೂರು ರೂಪಾಯಿ ಚೌಕಾಸಿ ಕಮ್ಮಿ ಆಗುತ್ತದೆ, ಇದು ಮಾತ್ರ ಖಾತ್ರಿ. ಕಿತ್ತ ಟ್ಯಾಬನ್ನು ಗಾಜು ಸೀಳದಂತೆ ಮತ್ತೆ ಬೆಸೆಯುವುದನ್ನೂ ಕಲಿತಿದ್ದೇನೆ. ಬೆಳ್ಳಿ ಇರುವ ಬೆಸುಗೆ ಬೇಕು ಅನ್ನುವಷ್ಟು ಹೇಳುತ್ತೇನೆ. ಮೊದಲು ಗಾಜಿಗೆ ಏನು ಮಾಡುತ್ತೇನೆ ಅನ್ನುವುದು ಅಂಗಡಿಯಲ್ಲೇ ಇರಲಿ. ನಾಲ್ಕು ಗಾಜು ಸೀಳಿ ಕಲಿತದ್ದು.

ಗಾಡಿ ಯಾವಾಗ ಬೇಕು ಅನ್ನುವುದರಲ್ಲಿ ಅತಿ ಜಾಸ್ತಿ ಜಗಳ. “ಮದಿವಿಗಿ ಹೋಗ್ಬೇಕ್ರಿ, ಎರಡ ತಾಸಿನಾಗ ಕೊಡ್ರಿ.” ನಾನು ರಾತ್ರಿ ಇಟ್ಟುಕೊಳ್ಳುತ್ತೇನೆ. ಇಲ್ಲ ಅಂದರೆ ಕೆಲಸ ಬೇಡ. ಈ ಹಟಕ್ಕೆ ಒಂದು ಸಣ್ಣ ಪ್ರಯೋಗ ಕಾರಣ. ಬಿಸಿಲು ಜಾಸ್ತಿ ಇದ್ದರೆ ಪಿಯು ಬೇಗ ಹಿಡಿಯುತ್ತದೆ ಅಂತ ನಮ್ಮಲ್ಲಿ ಎಲ್ಲರೂ ನಂಬಿದ್ದೇವೆ. ಒಂದು ಮೇ ತಿಂಗಳಲ್ಲಿ ಪರಸಿ ಕಲ್ಲಿನ ಮೂರು ತುಂಡಿನ ಮೇಲೆ ಬೆರಳು ದಪ್ಪ ಗೆರೆ ಎಳೆದೆ. ಒಂದನ್ನು ಬಿಸಿಲಿಗೆ, ಒಂದನ್ನು ಒಳಗೆ ಕಪಾಟಿನ ಮೇಲೆ, ಒಂದನ್ನು ಕೂಲರಿನ ಮುಂದೆ ಇಟ್ಟೆ. ಮರುದಿನ ಬೆಳಿಗ್ಗೆ ಬ್ಲೇಡಿನಿಂದ ಕೊಯ್ದೆ. ಬಿಸಿಲಿನದು ಮೇಲೆ ರೊಟ್ಟಿ ಹಾಗೆ ಸಿಪ್ಪೆ ಕಟ್ಟಿತ್ತು, ಒಳಗೆ ಅಂಟು ಅಂಟು. ಕೂಲರ್ ಮುಂದಿನದು ನಾಲ್ಕು ಮಿಲಿಮೀಟರ್ ಆಳದವರೆಗೂ ರಬ್ಬರ್ ಆಗಿತ್ತು. ಪಿಯು ಗಾಳಿಯ ತೇವ ಕುಡಿದು ಗಟ್ಟಿಯಾಗುವ ವಸ್ತು, ನಮ್ಮ ಬೇಸಿಗೆ ಗಾಳಿಯಲ್ಲಿ ತೇವ ಎಲ್ಲಿದೆ? ಅಂದಿನಿಂದ ಬೇಸಿಗೆಯಲ್ಲಿ ಗಾಡಿ ಹಿಂದೆ ಒಂದು ಹಳೇ ಕೂಲರ್ ಓಡುತ್ತದೆ. ಡೆಂಟಿಂಗ್ ಅಂಗಡಿಯವನು “ಗಾಡಿಗಿ ಸೆಕಿ ಆಗ್ಯಾದೇನು?” ಅಂತ ಕೇಳಿದ.

ಕೂಲರ್ ಹುಚ್ಚಿನಲ್ಲೇ ಇನ್ನೊಂದು ಮಾಡಿದೆ. ಗೋಣಿ ಚೀಲ ತೋಯಿಸಿ ಗಾಜಿನ ಮೇಲೆ ಹೊದಿಸಿದೆ. ದಂಡ. ಚೀಲದ ನಾರು ಹಸಿ ಪಿಯುಗೆ ಅಂಟಿ ಕೀಳಲು ಒಂದು ತಾಸು ಹಿಡಿಯಿತು.

ಗಾಡಿ ಕೊಡುವಾಗ ಒಂದೇ ಮಾತು. ಎರಡು ದಿನ ಬಾಗಿಲ ಗಾಜು ಒಂದು ಬೆರಳು ಇಳಿಸಿಡಿ. ಎಲ್ಲಾ ಮುಚ್ಚಿ ಬಾಗಿಲು ದಡಾರ್ ಅಂತ ಹಾಕಿದರೆ ಒಳಗಿನ ಗಾಳಿ ಹೊಸ ಗಾಜನ್ನು ಹೊರಗೆ ತಳ್ಳುತ್ತದೆ.

ದುಡ್ಡಿನ ಮಾತು. ಸಣ್ಣ ಗಾಡಿಗೆ ನನ್ನ ಬಿಲ್ಲು ಈಗ ಐದರಿಂದ ಆರು ಸಾವಿರದ ಆಸುಪಾಸು. ಗಾಜು ಮೂರೂವರೆ-ನಾಲ್ಕು, ಪಿಯು-ಪ್ರೈಮರ್ ಐದಾರು ನೂರು, ಉಳಿದದ್ದು ಕೂಲಿ ಮತ್ತು ಪಾರ್ಸೆಲ್. ನಮ್ಮ ಬೀದಿ ಕೊನೆಯ ಗಾಜಿನ ಅಂಗಡಿಯವನು ನನಗಿಂತ ಎಂಟುನೂರು ಕಮ್ಮಿಗೆ ಮಾಡುತ್ತಾನೆ. ಮಾಡಲಿ. ಬಿಚ್ಚುವಾಗ ಗಾಜು ಒಡೆದರೆ ಯಾರ ಖರ್ಚು ಅಂತ ಅವನನ್ನು ಯಾರೂ ಕೇಳುವುದಿಲ್ಲ, ನನ್ನನ್ನು ಕೇಳುತ್ತಾರೆ. ನನ್ನ ಬಿಲ್ಲಿನಲ್ಲಿ ಬರೆದೇ ಇರುತ್ತದೆ.

ಇನ್ಶೂರೆನ್ಸ್ ಇದೆ ಅಂದವರಿಗೆ ಕೈ ಹಚ್ಚಬೇಡಿ, ಮೊದಲು ಕಂಪನಿಗೆ ತಿಳಿಸಿ ಅನ್ನುತ್ತೇನೆ. ಬರೀ ಥರ್ಡ್ ಪಾರ್ಟಿ ಆದರೆ ಗಾಜಿಗೆ ಏನೂ ಇಲ್ಲ. ಪೂರ್ತಿ ಪಾಲಿಸಿ ಆದರೆ ಗಾಜಿಗೆ ಸವಕಳಿ ಕಳೆಯುವುದಿಲ್ಲ, ರಬ್ಬರ್-ಪ್ಲಾಸ್ಟಿಕ್ಕಿಗೆ ಅರ್ಧ ಕಳೆಯುತ್ತಾರೆ. 1500 ಸಿಸಿ ವರೆಗಿನ ಕಾರಿಗೆ ಮೊದಲ 1000 ರೂಪಾಯಿ ಗಿರಾಕಿಯದೇ, ಅದಕ್ಕಿಂತ ದೊಡ್ಡದಾದರೆ 2000. ಆಮೇಲೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ; ಕ್ಲೇಮ್ ಮಾಡಿದರೆ ಹೋಗುತ್ತದೆ. ಒಬ್ಬರಿಗೆ 50 ಪರ್ಸೆಂಟ್ ಇತ್ತು. ಐದೂವರೆ ಸಾವಿರದ ಬಿಲ್ಲಿಗೆ ಕ್ಲೇಮ್ ಮಾಡಿದರೆ ಕೈಗೆ ನಾಲ್ಕೂವರೆ. ಗಾಡಿ ಡ್ಯಾಮೇಜಿನ ಪ್ರೀಮಿಯಂ ಮಾತ್ರ ಮುಂದಿನ ವರ್ಷ ನಾಲ್ಕರಿಂದ ಎಂಟು ಸಾವಿರ, ಅದರ ಮುಂದಿನ ವರ್ಷವೂ ಆರು ದಾಟುತ್ತದೆ. ಬೋನಸ್ ಉಳಿಸುವ ಆಡ್-ಆನ್ ಇದೆಯಾ ಅಂತ ಏಜೆಂಟನ್ನು ಕೇಳಿ ಅಂದೆ. ಇರಲಿಲ್ಲ. ಕೈಯಿಂದಲೇ ಕೊಟ್ಟರು. ಈಗ ಅವರ ಇಡೀ ಬೀಗರ ಬಳಗ ನನ್ನ ಹತ್ತಿರ ಬರುತ್ತದೆ.

ಕಪ್ಪು ಫಿಲ್ಮ್ ಹಾಕಿ ಕೊಡಿ ಅಂತ ಕೇಳಿದರೆ ಇಲ್ಲ ಅನ್ನುತ್ತೇನೆ. 2012ರಲ್ಲೇ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿಗೆ ಬ್ರೇಕ್ ಹಾಕಿದೆ. ಹಿಂದಿನ ಗಾಜಿನಲ್ಲಿ 70 ಪರ್ಸೆಂಟ್ ಬೆಳಕು ಹಾಯಬೇಕು. ಅದಲ್ಲದೆ ನಾಳೆ ಅದನ್ನು ಕೀಳುವಾಗ ಡಿಫಾಗರ್ ಗೆರೆ ಫಿಲ್ಮಿನ ಜೊತೆಗೇ ಎದ್ದು ಬರಬಹುದು. ಮತ್ತೆ ನನ್ನ ಹತ್ತಿರವೇ ಬರುತ್ತಾರೆ.

ಡಿಕ್ಕಿ ಬಾಗಿಲಿನೊಳಗೆ ಸೇರಿದ ಒಡೆದ ಗಾಜಿನ ಹರಳು ತೆಗೆಯುವ ನನ್ನ ಉಪಾಯ ಹಲವರು ಕೇಳಿದ್ದಾರೆ. ವ್ಯಾಕ್ಯೂಮ್ ಒಂದರಿಂದ ಆಗುವುದಿಲ್ಲ ಅಂತ ಮಾತ್ರ ಹೇಳುತ್ತೇನೆ.

ಇದನ್ನು ಬರೆಯುತ್ತಿರುವಾಗಲೇ ಜೇವರ್ಗಿಯಿಂದ ಫೋನ್ ಬಂತು. ಹುಲ್ಲು ಕಟಾವು ಮಷಿನಿನಿಂದ ಕಲ್ಲು ಸಿಡಿದಿದೆಯಂತೆ. ಕಳಿಸಿದ್ದು ಡೆಂಟಿಂಗ್ ಅಂಗಡಿಯವನೇ. ಚಾಸಿ ನಂಬರ್ ಬಂದಿದೆ, ದಾರ ಹಿಡಿದು ಫೋಟೋ ಕಳಿಸಿದ್ದಾರೆ. ಮೂಲೆಯ ತುಂಡು ಮಾತ್ರ ಸಿಕ್ಕಿಲ್ಲ. ಕಸದ ಬುಟ್ಟಿ ಇನ್ನೊಂದು ಸಲ ನೋಡ್ರಿ ಅಂದಿದ್ದೇನೆ.