ಕಚೇರಿಯ ಚಾಟ್ ಸರ್ವರ್ ಯಾರ ಮಾತು ಕೇಳಿ ಎಲ್ಲಿಗೆ ಹೋಗುತ್ತಿದೆ? ಪರೀಕ್ಷಿಸಿ ಕಟ್ಟುಹಾಕುವ ಬಗೆ

ಕಚೇರಿಯ ಚಾಟ್‌ನಲ್ಲಿ ಯಾರಾದರೂ ಒಂದು ಲಿಂಕ್ ಹಾಕಿದ ಕೂಡಲೇ ಅದರ ಕೆಳಗೆ ಶೀರ್ಷಿಕೆ, ಚಿತ್ರ, ಎರಡು ಸಾಲಿನ ವಿವರ ಮೂಡುತ್ತದೆ. ಹಲವು ತಂತ್ರಾಂಶಗಳಲ್ಲಿ ಈ ವಿವರವನ್ನು ತರಲು ಹೋಗುವುದು ಲಿಂಕ್ ಹಾಕಿದವರ ಕಂಪ್ಯೂಟರ್ ಅಲ್ಲ, ಕಚೇರಿಯ ಒಳಗೇ ಕುಳಿತಿರುವ ಸರ್ವರ್. ಹೊರಗಿನವರಿಗೆ ಮುಚ್ಚಿರುವ ಒಳಜಾಲದ ವಿಳಾಸವನ್ನೇ ಲಿಂಕ್ ಆಗಿ ಕೊಟ್ಟರೆ ಆ ಸರ್ವರ್ ಅಲ್ಲಿಗೂ ಹೋಗಿಬರುತ್ತದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಹೋಗುತ್ತದೆ ಎಂದಾದರೆ ಆ ದೋಷಕ್ಕೆ ಸರ್ವರ್ ಸೈಡ್ ರಿಕ್ವೆಸ್ಟ್ ಫೋರ್ಜರಿ, ಚಿಕ್ಕದಾಗಿ ಎಸ್‌ಎಸ್‌ಆರ್‌ಎಫ್ ಎನ್ನುತ್ತಾರೆ. ದಾಖಲೆ ಕೋಣೆಗೆ ಎಷ್ಟೇ ಭದ್ರವಾದ ಬೀಗ ಹಾಕಿದ್ದರೂ, ಚೀಟಿಯಲ್ಲಿ ಬರೆದುಕೊಟ್ಟ ಕಡತವನ್ನೆಲ್ಲ ಕೇಳಿದವರು ಯಾರೆಂದು ನೋಡದೆ ತಂದುಕೊಡುವ ಜವಾನನಿದ್ದರೆ ಆ ಬೀಗದಿಂದ ಉಪಯೋಗವಿಲ್ಲ. ವೆಬ್ ಸುರಕ್ಷತೆಯ ಓವಾಸ್ಪ್ ಸಂಸ್ಥೆ 2021ರ ತನ್ನ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು.

ಮೈಸೂರಿನ ಹೆಬ್ಬಾಳ ಅಥವಾ ಹೂಟಗಳ್ಳಿಯ ಕಾರ್ಖಾನೆಯಿರಲಿ, ಮಂಡ್ಯದ ಸಹಕಾರ ಸಂಸ್ಥೆಯಿರಲಿ, ಚಾಟ್, ಇಮೇಲ್ ಅಥವಾ ದೂರವಾಣಿ ವ್ಯವಸ್ಥೆಯನ್ನು ಸ್ವಂತ ಸರ್ವರ್‌ನಲ್ಲಿ ನಡೆಸುತ್ತಿದ್ದರೆ ಈ ಪರೀಕ್ಷೆಯನ್ನು ಅಲ್ಲಿನ ಸಿಸ್ಟಮ್ ಅಡ್ಮಿನ್ ತಾವೇ ಮಾಡಬಹುದು. ಆಡಳಿತದ ಲಿಖಿತ ಅನುಮತಿ ಮಾತ್ರ ಮೊದಲೇ ಕೈಯಲ್ಲಿರಬೇಕು. ಬೇರೆಯವರ ಸರ್ವರ್ ಮೇಲೆ ಇದನ್ನು ಪ್ರಯೋಗಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧವಾಗಬಹುದು.

ಮೊದಲು ಪಟ್ಟಿ

ಬಳಕೆದಾರರು ಕೊಟ್ಟ ವಿಳಾಸವನ್ನು ಹಿಡಿದು ಸರ್ವರ್ ಎಲ್ಲೆಲ್ಲಿ ಹೊರಡುತ್ತದೆ ಎಂದು ಬರೆದುಕೊಳ್ಳಿ. ಲಿಂಕ್ ಮುನ್ನೋಟ ಎಲ್ಲರಿಗೂ ಹೊಳೆಯುತ್ತದೆ. ವೆಬ್‌ಹುಕ್ (ಏನಾದರೂ ನಡೆದಾಗ ಕೊಟ್ಟ ವಿಳಾಸಕ್ಕೆ ತಾನಾಗಿ ಸುದ್ದಿ ಕಳಿಸುವ ಜೋಡಣೆ), ವಿಳಾಸ ಕೊಟ್ಟು ಪ್ರೊಫೈಲ್ ಚಿತ್ರ ತರಿಸುವ ಸೌಲಭ್ಯ, ಹೊರಗಿನ ಕ್ಯಾಲೆಂಡರ್ ಜೋಡಣೆ, ಸಂಭಾಷಣೆಯನ್ನು ಪಿಡಿಎಫ್ ಮಾಡುವ ಗುಂಡಿ, ಯಾರೋ ಹಿಂದೆ ಹಾಕಿ ಮರೆತ ಪ್ಲಗಿನ್ ಇವು ಸಾಮಾನ್ಯವಾಗಿ ತಪ್ಪಿಹೋಗುತ್ತವೆ.

ಸರ್ವರ್ ಹೋಗುತ್ತದೆಯೇ ಎಂದು ನೋಡುವುದು

ಕಚೇರಿಯ ಹೊರಗೆ, ಬಾಡಿಗೆಯ ಕ್ಲೌಡ್ ಯಂತ್ರವೊಂದರಲ್ಲಿ ಪೈಥಾನ್ ಜೊತೆಗೇ ಬರುವ ಪುಟ್ಟ ವೆಬ್ ಸರ್ವರ್ ಚಾಲೂ ಮಾಡಿ, ಅದರ ವಿಳಾಸವನ್ನು ಚಾಟ್‌ನಲ್ಲಿ ಹಾಕಿ, ಬಂದ ಕೋರಿಕೆಗಳು ದಾಖಲಾಗುವ ಲಾಗ್ ನೋಡುತ್ತಿರಿ. ಬಂದ ಕೋರಿಕೆಯ ಐಪಿ ವಿಳಾಸ ಚಾಟ್ ಸರ್ವರ್ ಹೊರಜಾಲಕ್ಕೆ ಬಳಸುವ ವಿಳಾಸವೇ ಆಗಿದ್ದರೆ ತರಲು ಬಂದದ್ದು ಸರ್ವರ್ ಎಂದು ತಿಳಿಯಬಹುದು. ಈ ಪರೀಕ್ಷೆಗೆ ಮೊಬೈಲ್ ಡೇಟಾದಲ್ಲಿರುವ ಫೋನನ್ನೇ ಬಳಸಿ. ಕಚೇರಿಯ ವೈಫೈನಲ್ಲಿದ್ದರೆ ಫೋನ್ ಮತ್ತು ಸರ್ವರ್ ಎರಡೂ ಒಂದೇ ಹೊರ ವಿಳಾಸದಿಂದ ಬಂದಂತೆ ಕಾಣಬಹುದು.

ಇನ್ನು ಅದೇ ಪುಟ್ಟ ಸರ್ವರನ್ನು ಒಳಜಾಲದ ಕಂಪ್ಯೂಟರ್ ಒಂದರಲ್ಲಿ ನಡೆಸಿ, 192.168ರಿಂದ ಆರಂಭವಾಗುವ ಅದರ ವಿಳಾಸವನ್ನು ಚಾಟ್‌ನಲ್ಲಿ ಹಾಕಿ. ಪರದೆಯ ಮೇಲೆ ಏನೂ ಕಾಣಲಿಲ್ಲವೆಂದು ನಿರಾಳವಾಗಬೇಡಿ. ಲಾಗ್‌ನಲ್ಲಿ ಒಂದು ಸಾಲು ಬಿದ್ದಿದ್ದರೂ ದಾರಿ ತೆರೆದಿದೆ ಎಂದೇ ಅರ್ಥ. ಉತ್ತರ ಕಾಣದಿದ್ದಾಗಲೂ, ಯಂತ್ರದ ಒಂದೊಂದು ಸೇವೆಯ ಬಾಗಿಲಿನಂತಿರುವ ಪೋರ್ಟ್‌ಗಳಲ್ಲಿ ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ತಗಲುವ ಸಮಯದ ವ್ಯತ್ಯಾಸದಿಂದಲೇ ದಾಳಿಕೋರರು ಒಳಜಾಲದ ನಕ್ಷೆ ಬರೆದುಕೊಳ್ಳಬಲ್ಲರು. ಮೈಸೂರಿನ ಮುಖ್ಯ ಕಚೇರಿಯಿಂದ ಮಂಡ್ಯದ ಶಾಖೆಗೆ ವಿಪಿಎನ್ ಇದ್ದರೆ, ಅಲ್ಲಿನ ಹಾಜರಾತಿ ಯಂತ್ರ, ಸಿಸಿಟಿವಿ ರೆಕಾರ್ಡರ್, ಪಾಸ್‌ವರ್ಡ್ ಬದಲಿಸದೆ ಬಿಟ್ಟ ಪ್ರಿಂಟರ್‌ನ ನಿಯಂತ್ರಣ ಪುಟ ಎಲ್ಲವೂ ಆ ನಕ್ಷೆಯೊಳಗೆ ಬರುತ್ತವೆ.

ಅಕ್ಷರ ನೋಡಿ ತಡೆದರೆ ಸಾಲದು

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. 127.0.0.1 ಎಂಬುದು ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ. ‘127.0.0.1 ಎಂದು ಬರೆದಿದ್ದರೆ ತಿರಸ್ಕರಿಸು’ ಎಂಬ ನಿಯಮವನ್ನು ದಾಟುವುದು ಸುಲಭ. ಅದೇ ವಿಳಾಸವನ್ನು 2130706433 ಎಂಬ ಒಂದೇ ಸಂಖ್ಯೆಯಾಗಿಯೂ 127.1 ಎಂದೂ ಬರೆಯಬಹುದು, ಐಪಿವಿ6ನಲ್ಲಿ ಅದರ ಜೋಡಿಯಾದ ::1 ಇದೆ. ಯಾರು ಬೇಕಾದರೂ ತಮ್ಮ ಡೊಮೇನ್ ಹೆಸರು ಒಳಜಾಲದ ವಿಳಾಸವನ್ನು ತೋರಿಸುವಂತೆ ಹೆಸರಿಗೆ ತಕ್ಕ ಐಪಿ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಬರೆದಿಡಬಹುದು. ಪರಿಶೀಲನೆಯ ಕ್ಷಣದಲ್ಲಿ ಹೊರಗಿನ ವಿಳಾಸವನ್ನೂ ಮರುಕ್ಷಣ ಒಳಗಿನ ವಿಳಾಸವನ್ನೂ ಕೊಡುವ ಡಿಎನ್‌ಎಸ್ ರೀಬೈಂಡಿಂಗ್ ಎಂಬ ತಂತ್ರವೂ ಇದೆ. ಇವೆಲ್ಲಕ್ಕಿಂತ ಸರಳವಾದದ್ದು ರೀಡೈರೆಕ್ಟ್: ಹೊರಗಿನ ನಿರಪಾಯಕಾರಿ ಪುಟಕ್ಕೆ ಬಂದ ಸರ್ವರನ್ನು ಅದೇ ಪುಟ ಒಳಜಾಲಕ್ಕೆ ಅಟ್ಟುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಡೊಮೇನ್ ಹೆಸರಿನ ದಾರಿ ಮತ್ತು ರೀಡೈರೆಕ್ಟ್ ಎರಡನ್ನೂ ತಪ್ಪದೆ ಪ್ರಯತ್ನಿಸಿ.

ಮೈಕ್ರೋಸಾಫ್ಟ್‌ನ ಇಮೇಲ್ ಸರ್ವರ್ ತಂತ್ರಾಂಶವಾದ ಎಕ್ಸ್‌ಚೇಂಜ್‌ನ ಅನುಭವವೂ ಇದನ್ನೇ ತೋರಿಸುತ್ತದೆ. 2021ರ ಮಾರ್ಚ್ 2ರಂದು ಬಹಿರಂಗವಾದ, ಪ್ರಾಕ್ಸಿಲಾಗಾನ್ ಎಂದು ಹೆಸರಾದ ದೋಷದಲ್ಲಿ, ಕುಕಿಯಲ್ಲಿ ಬರೆದು ಕಳಿಸಿದ ಗುರಿಯನ್ನು ಎಕ್ಸ್‌ಚೇಂಜ್‌ನ ಮುಂಭಾಗ ನಂಬಿ, ಸರ್ವರ್‌ನ ಸ್ವಂತ ಅಧಿಕಾರದಲ್ಲೇ ಕೋರಿಕೆಯನ್ನು ಅಲ್ಲಿಗೆ ರವಾನಿಸುತ್ತಿತ್ತು. ಆಗ ದೋಷ ಸರಿಪಡಿಸುವ ಪ್ಯಾಚ್ ಹಾಕಿದ ಮೇಲೂ, ಅದಕ್ಕೆ ಮೊದಲೇ ದಾಳಿಕೋರರು ಬಿಟ್ಟುಹೋಗಿದ್ದ ವೆಬ್ ಶೆಲ್‌ಗಳನ್ನು (ದೂರದಿಂದಲೇ ಸರ್ವರ್‌ಗೆ ಆಜ್ಞೆ ಕೊಡಲು ಬಿಡುವ ಕಡತಗಳನ್ನು) ಬೇರೆಯಾಗಿ ಹುಡುಕಿ ತೆಗೆಯಬೇಕಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಇದೇ ಬಗೆಯ ಇನ್ನೊಂದು ದೋಷ ಬೆಳಕಿಗೆ ಬಂದಾಗ, ವಿಳಾಸದ ಅಕ್ಷರ ವಿನ್ಯಾಸ ನೋಡಿ ತಡೆಯುವ ತಾತ್ಕಾಲಿಕ ನಿಯಮವನ್ನು ಕೊಡಲಾಯಿತು. ಅದನ್ನು ದಾಟುವ ದಾರಿಯನ್ನು ಸಂಶೋಧಕರು ಕೆಲವೇ ದಿನಗಳಲ್ಲಿ ತೋರಿಸಿದರು. ಪೂರ್ಣ ಪ್ಯಾಚ್ ಬಂದದ್ದು ನವೆಂಬರ್‌ನಲ್ಲಿ.

ಕಟ್ಟುಹಾಕುವುದು

ಆದ್ದರಿಂದ ತಡೆ ಇರಬೇಕಾದದ್ದು ಸರ್ವರ್ ನಿಜವಾಗಿ ಸಂಪರ್ಕ ಸಾಧಿಸುವ ಜಾಗದಲ್ಲಿ. ಪ್ಯಾಚ್‌ಗಳನ್ನು ಹಾಕಿ, ಬೇಡದ ಸೌಲಭ್ಯಗಳನ್ನು ನಿಲ್ಲಿಸಿದ ನಂತರ, ಚಾಟ್ ಸರ್ವರ್‌ನಿಂದ ಹೊರಡುವ ಸಂಪರ್ಕಗಳಿಗೆ ಫೈರ್‌ವಾಲ್‌ನಲ್ಲಿ ನಿಯಮ ಬರೆಯಿರಿ. ಡೇಟಾಬೇಸ್, ಡಿಎನ್‌ಎಸ್‌ನಂತಹ ಅಗತ್ಯದ ಯಂತ್ರಗಳನ್ನು ಪೋರ್ಟ್ ಸಮೇತ ಹೆಸರಿಸಿ ಬಿಟ್ಟು, 10, 192.168, 169.254ರಿಂದ ಆರಂಭವಾಗುವ ಹಾಗೂ 172.16ರಿಂದ 172.31ರವರೆಗಿನ ಉಳಿದೆಲ್ಲ ವಿಳಾಸಗಳನ್ನು ಮುಚ್ಚಿ. ಯಂತ್ರ ತನ್ನನ್ನೇ ಕರೆದುಕೊಳ್ಳುವ 127ರ ಸಾಲಿನ ಸಂಪರ್ಕ ಹೊರಗಿನ ಫೈರ್‌ವಾಲ್‌ಗೆ ಕಾಣುವುದೇ ಇಲ್ಲ. ಹಾಗಾಗಿ ಮುನ್ನೋಟ ಮತ್ತು ವೆಬ್‌ಹುಕ್‌ನ ಕೋರಿಕೆಗಳನ್ನು ಬೇರೆ ಯಂತ್ರದಲ್ಲಿ ಮಧ್ಯವರ್ತಿಯಾಗಿರುವ ಪ್ರಾಕ್ಸಿಯ ಮೂಲಕ ಕಳಿಸಿ, ಒಳವಿಳಾಸಗಳನ್ನು ಆ ಪ್ರಾಕ್ಸಿಯಲ್ಲೇ ನಿರಾಕರಿಸುವುದು ಉತ್ತಮ. ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶ ಈ ಕೆಲಸಕ್ಕೆ ಸಾಕು.

ಮ್ಯಾಟರ್‌ಮೋಸ್ಟ್ ಎಂಬ ಚಾಟ್ ತಂತ್ರಾಂಶ ಬಳಸುವವರು ‘ಅಲೋ ಅನ್‌ಟ್ರಸ್ಟೆಡ್ ಇಂಟರ್ನಲ್ ಕನೆಕ್ಷನ್ಸ್’ ಎಂಬ ಸೆಟ್ಟಿಂಗ್ ತೆರೆದು ನೋಡಿ. ವೆಬ್‌ಹುಕ್ ಒಂದು ಕೆಲಸ ಮಾಡಲಿಲ್ಲವೆಂದು ಅಲ್ಲಿ ಇಡೀ ಒಳಜಾಲವನ್ನೇ ಬರೆದಿದ್ದರೆ, ಅದನ್ನು ಅಳಿಸಿ ಬೇಕಾದ ಒಂದು ಯಂತ್ರದ ವಿಳಾಸವನ್ನಷ್ಟೇ ಬರೆಯಿರಿ.

ಸರ್ವರ್ ಕ್ಲೌಡ್‌ನಲ್ಲಿದ್ದರೆ ಯಂತ್ರ ತನ್ನದೇ ವಿವರಗಳನ್ನು ಕೇಳಿ ಪಡೆಯುವ 169.254.169.254 ಎಂಬ ಮೆಟಾಡೇಟಾ ವಿಳಾಸಕ್ಕೆ ವಿಶೇಷ ಗಮನ ಬೇಕು. ಆ ಯಂತ್ರಕ್ಕೆ ಪಾತ್ರವೊಂದನ್ನು (ಕ್ಲೌಡ್‌ನ ಇತರ ಸೇವೆಗಳನ್ನು ಬಳಸುವ ಅಧಿಕಾರವನ್ನು) ವಹಿಸಿದ್ದರೆ ಅದರ ತಾತ್ಕಾಲಿಕ ಕೀಲಿಗಳು ಸಿಗುವುದು ಇಲ್ಲಿಯೇ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಸೋರಿದ್ದು, ಚಾಟ್ ತಂತ್ರಾಂಶದಿಂದಲ್ಲದಿದ್ದರೂ, ಇದೇ ದಾರಿಯಲ್ಲಿ. ಅದೇ ವರ್ಷ ಅಮೆಜಾನ್ ತಂದ ಮೆಟಾಡೇಟಾ ಸೇವೆಯ ಎರಡನೇ ಆವೃತ್ತಿ ಮೊದಲು ಟೋಕನ್ ಪಡೆಯಬೇಕೆಂದು ಕೇಳುವುದರಿಂದ ಸರಳ ದಾಳಿಗಳು ವಿಫಲವಾಗುತ್ತವೆ. ಆದರೆ ಅದನ್ನು ಐಚ್ಛಿಕವಾಗಿ ಬಿಟ್ಟರೆ ಹಳೆಯ ದಾರಿಯೂ ತೆರೆದೇ ಇರುತ್ತದೆ. ಕಡ್ಡಾಯ ಎಂಬ ಆಯ್ಕೆಯನ್ನೇ ಒತ್ತಿ.

ಇಷ್ಟಾದ ಮೇಲೆ ಮೊದಲಿನ ಪರೀಕ್ಷೆಗಳನ್ನು ಅದೇ ಕ್ರಮದಲ್ಲಿ ಮತ್ತೆ ಮಾಡಿ. ಒಳಗಿನ ಪುಟ್ಟ ಸರ್ವರ್‌ನ ಲಾಗ್ ಖಾಲಿಯಾಗಿ ಉಳಿಯಬೇಕು. ತಡೆದ ಪ್ರತಿ ಕೋರಿಕೆಯೂ ಪ್ರಾಕ್ಸಿ ಮತ್ತು ಫೈರ್‌ವಾಲ್ ಲಾಗ್‌ನಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಪಟ್ಟಿಮಾಡಿದ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ನೀವು ಪರೀಕ್ಷೆ ನಡೆಸದ ಹೊತ್ತಿನಲ್ಲಿ ಒಳಜಾಲದ ವಿಳಾಸಗಳಿಗೆ ಸಾಲಾಗಿ ಕೋರಿಕೆಗಳು ಹೊರಟಿರುವುದು ಹಳೆಯ ಲಾಗ್‌ನಲ್ಲಿ ಕಂಡರೆ, ಯಂತ್ರವನ್ನು ರೀಸ್ಟಾರ್ಟ್ ಮಾಡದೆ ಜಾಲದಿಂದ ಬೇರ್ಪಡಿಸಿ, ಡಿಸ್ಕ್‌ನ ಪ್ರತಿ ತೆಗೆದುಕೊಂಡು, ಆ ಸರ್ವರ್‌ನಲ್ಲಿದ್ದ ಪಾಸ್‌ವರ್ಡ್ ಮತ್ತು ಕೀಲಿಗಳನ್ನೆಲ್ಲ ಬದಲಿಸಿ.