ಪ್ಲೇಟಿಂಗ್ ನಡೆದ ಜಾಗದಲ್ಲಿ ಇಂಗುಗುಂಡಿ ತೋಡಿಸಬೇಡಿ

ಬೆಳಗಾವಿಯ ಉದ್ಯಮಬಾಗದ ಕಡೆ ಹಳೆ ಶೆಡ್ ಕೊಂಡವರು ರಿಪೇರಿಗೆ ಕರೆದರೆ, "ಹಿತ್ತಲ ಮೂಲ್ಯಾಗ ಒಂದು ಇಂಗುಗುಂಡಿನೂ ತೋಡಿಸಿಬಿಡ್ರಿ" ಅನ್ನುತ್ತಾರೆ. ಸ್ವಚ್ಛ ಜಾಗಕ್ಕೆ ಅದು ಸರಿ. ಅಲ್ಲಿ ಮೊದಲು ಕ್ರೋಮ್ ಪ್ಲೇಟಿಂಗ್, ಅಂದರೆ ಲೋಹಕ್ಕೆ ಕ್ರೋಮಿಯಂ ಲೇಪಿಸುವ ಕೆಲಸ, ನಡೆದಿದ್ದರೆ, ಗೋಡೆ ಬುಡದಲ್ಲಿ ಹಳದಿ ಕಲೆ ಇದ್ದರೆ, ನಾನಂತೂ ಒಪ್ಪುವುದಿಲ್ಲ. ಮಣ್ಣಿನ ಕ್ರೋಮಿಯಂ ಮಳೆನೀರಿನ ಜೊತೆ ಇಳಿದು ಅಕ್ಕಪಕ್ಕದವರ ಬೋರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಕೆಟ್ಟ ಜಾಗ ಎಲ್ಲಿಂದ ಎಲ್ಲಿಯವರೆಗೆ ಅಂತ ಗುರುತು ಹಾಕಿ. ಉಳಿದ ಕೆಲಸ ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲೇ ಮುಗಿಯಬೇಕು.

ಚಾವಣಿ ನೀರು ಆ ಮಣ್ಣು ಮುಟ್ಟಲೇಬಾರದು. 200 ಚದರ ಮೀಟರ್ ಪತ್ರಾಸಿನ (ತಗಡಿನ ಚಾವಣಿಯ) ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 10,000 ಲೀಟರ್. ಅಷ್ಟೂ ಗೋಡೆ ಬುಡಕ್ಕೆ ಸುರಿದರೆ ಏನಾಗುತ್ತದೆ ನೋಡಿ. ಪತ್ರಾಸಿನ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿಸಿ, ಪೈಪಿನಲ್ಲಿ ನೇರ ಟಾಕಿಗೆ ಅಥವಾ ಮಳೆನೀರಿನ ಗಟಾರಕ್ಕೆ ಬಿಡಿ. ಮೇಲಿನ ಪ್ಲಾಟಿನಿಂದ ಹರಿದು ಬರುವ ನೀರಿಗೆ ಹೊರಗಿನ ಮಣ್ಣು ತಂದು ಒಡ್ಡು ಹಾಕಿ. ಅಲ್ಲಿಯ ಮಣ್ಣನ್ನೇ ಅಗೆದು ಒಡ್ಡು ಕಟ್ಟುವವರಿದ್ದಾರೆ, ದಯವಿಟ್ಟು ಬೇಡ.

ಕೆಟ್ಟ ಜಾಗಕ್ಕೆ ಇಳಿಜಾರು ಕೊಟ್ಟು ಕಾಂಕ್ರೀಟ್ ಹಾಕಿಸುವುದು ಉತ್ತಮ. ಈ ವರ್ಷ ಹಣ ಇಲ್ಲವೆಂದರೆ ದಪ್ಪ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ. ಹಂಚು ಹೊದಿಸಿದಂತೆ ಮೇಲಿನ ಹಾಳೆಯ ಅಂಚು ಕೆಳಗಿನದರ ಮೇಲೆ ಒಂದಡಿ ಬರಲಿ. ಗಾಳಿಗೆ ಹಾರದಂತೆ ಮರಳಿನ ಚೀಲ ಇಡಿ. ಗೂಟ ಹೊಡೆದರೆ ಅದೇ ತೂತಿನಿಂದ ನೀರು ಇಳಿಯುತ್ತದೆ.

ಇಷ್ಟಾದರೂ ಸ್ವಲ್ಪ ನೀರು ಆ ಮಣ್ಣು ತೊಳೆದುಕೊಂಡೇ ಬರುತ್ತದೆ. ಅದಕ್ಕೆ ಬೇರೆ ಗಟಾರ, ಬೇರೆ ಹೊಂಡ. ಎರಡಕ್ಕೂ ತಳದಿಂದ ಮೇಲಿನತನಕ ಸೋರದ ಹಾಳೆಯೋ ಕಾಂಕ್ರೀಟೋ ಬೇಕು. ಹೊಂಡದಲ್ಲಿ ರಾಡಿ ಕೆಳಗೆ ಕೂತು ನೀರು ತಿಳಿಯಾದ ಮೇಲೆ ಹೊರಗೆ ಬಿಡೋಣ ಅನ್ನಿಸುತ್ತದೆ. ಬಿಡಬೇಡಿ. ಕರಗಿದ ಕ್ರೋಮಿಯಂ ತಳಕ್ಕೆ ಕೂರುವುದಿಲ್ಲ, ತಿಳಿನೀರಿನಲ್ಲೇ ಇರುತ್ತದೆ. ಬೆಳಗಾವಿಯ ಬಳ್ಳಾರಿ ನಾಲಾ ಅನ್ನುವ ಹಳ್ಳ ಉಕ್ಕಿದಾಗ ನೀರು ಹೊಲಗಳಿಗೆ ನುಗ್ಗುವುದನ್ನು ನೋಡಿದ ಊರು ನಮ್ಮದು. ನಾವು ಬಿಟ್ಟದ್ದು ಯಾರದೋ ಬೆಳೆಗೆ ಸೇರಬಾರದು. ಲ್ಯಾಬ್ ವರದಿ ಬಂದ ಮೇಲೆ, ಬೇಕಾದರೆ ಶುದ್ಧೀಕರಿಸಿಯೇ ಹೊರಬಿಡಿ. ತಳದ ರಾಡಿಯನ್ನು ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇದ್ದವರಿಗೇ ಕೊಡಿ.

ಮೊದಲ ಜೋರು ಮಳೆ ಬಿದ್ದಾಗ ಕೊಡೆ ಹಿಡಿದು ಒಂದು ಸುತ್ತು ಹಾಕಿ. ಹಾಳೆ ಮೇಲೆ ನೀರು ನಿಂತ ಕಡೆ, ದೋಣಿ ತುಂಬಿ ಚೆಲ್ಲುವ ಕಡೆ ಗುರುತು ಮಾಡಿ, ಮಳೆ ಬಿಟ್ಟ ದಿನವೇ ಸರಿಪಡಿಸಿ.